ಮಳೆಗೆ ನಿಂತ ಒಳಗೋಡೆ

ನಾಸಿಕ್

ಪರವೂರಿಗೆ ಹೋದವರು ಮೊದಲು ನದಿ ನೋಡುತ್ತಾರೆ, ಗುಡಿ ನೋಡುತ್ತಾರೆ, ಊರಿಗೆ ಬಂದು ಅದನ್ನೇ ಬಾಯಿತುಂಬ ಹೇಳುತ್ತಾರೆ. ನನ್ನ ಕಣ್ಣಿಗೆ ಮೊದಲು ಬೀಳುವುದು ಗೋಡೆ. ಏನು ಮಾಡಲಿ, ಹೊಟ್ಟೆಪಾಡೇ ಅದು. ಹುಬ್ಬಳ್ಳಿಯಲ್ಲಿ ಮನೆಗಳ ಹೊರಮೈಗೆ ಕಲ್ಲು, ಟೈಲ್ಸು, ತಗಡು, ಈಗೀಗ ಮರದ ಹಾಗೆ ಕಾಣುವ ಪ್ಲಾಸ್ಟಿಕ್ ಹಲಗೆ ಹೊಡೆಸುವ ಗುತ್ತಿಗೆ ನನ್ನದು. ಹಳೆಯದನ್ನು ಕಿತ್ತು ಹೊಸದು ಹಾಕಿಸುವುದು, ಹೊಸದು ಉದುರಿದರೆ ಹೋಗಿ ಬೈಸಿಕೊಳ್ಳುವುದು. ಮಳೆಗಾಲ ಹೊಸ್ತಿಲಿಗೆ ಬಂದು ನಿಂತಿದ್ದಾಗ ನನ್ನ ತಮ್ಮ ಬಸವರಾಜ ಫೋನ್ ಮಾಡಿ, "ಗಿರಿಜಕ್ಕಾ, ನಾಸಿಕಕ್ಕ ಬಾ. ಮನಿಗೆ ಹೊಸಾ ಮುಖ ಮಾಡಿಸೂಣು. ಬರೂ ಮುಂದ ನಿನ್ನ ಸ್ಯಾಂಪಲ್ ಚೀಲ ತಗೊಂಡ ಬಾ" ಅಂದ. ತಮ್ಮ ಕರೆದ ಅಂತ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಆ ಚೀಲದ ಭಾರ ನನ್ನ ಭುಜಕ್ಕೆ ಗೊತ್ತು, ಪಕ್ಕದ ಸೀಟಿನವನ ಕಾಲಿಗೂ ಗೊತ್ತು.

ಬಸ್ಯಾ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ವಿಮಾನದ ಮೈಮೇಲಿನ ತಗಡು ಬಿಚ್ಚಿ, ಒಳಗಿನ ಎಲುಬು ನೋಡಿ, ಮತ್ತೆ ತಗಡು ಕೂಡಿಸುವುದು ಅವನ ಕೆಲಸ. ಕ್ವಾರ್ಟರ್ಸಿನ ಒಂದೇ ನಮೂನೆಯ ಗೋಡೆಗಳು ಸಾಕಾಗಿ, ಹಳೇ ನಾಸಿಕ್‌ನ ಓಣಿಯಲ್ಲಿ ವಾಡೆಯೊಂದರ, ಅಂದರೆ ಹಳೇ ಕಾಲದ ದೊಡ್ಡ ಮನೆಯೊಂದರ, ಪಾಲು ಕೊಂಡಿದ್ದ. ಅಲ್ಲಿಯ ವಾಡೆಗಳು ನಮ್ಮ ಕಡೆಯವುಗಳ ಹಾಗೆ ಅಂಗಳ ಬಿಟ್ಟುಕೊಂಡು ದೌಲತ್ತಿನಿಂದ ಕೂತಿರುವುದಿಲ್ಲ. ಒಂದಕ್ಕೊಂದು ಹೆಗಲು ಹಚ್ಚಿ, ಇಬ್ಬರ ನಡುವೆ ಒಂದೇ ಗೋಡೆ ಇಟ್ಟುಕೊಂಡು ಸಾಲಾಗಿ ನಿಂತಿರುತ್ತವೆ. ಬೀದಿಗೆ ಕೆತ್ತಿದ ಮರದ ಮುಖ, ಒಳಗೆಲ್ಲ ಇಟ್ಟಿಗೆ, ಮಣ್ಣು. ಮರದ ಮುಖ ನೋಡಿ, ಭೇಷ್, ಇದಕ್ಕೆ ಎಣ್ಣೆ ಹಚ್ಚಿದರೆ ಸಾಕಲ್ಲ, ಈ ಹುಡುಗ ನನ್ನನ್ನು ಯಾಕೆ ಕರೆಸಿದ ಅಂದುಕೊಂಡೆ.

"ಈ ಕಡೆ ಬಾ ಅಕ್ಕಾ" ಅಂತ ಪಡುವಣ ಬದಿಗೆ ಕರೆದೊಯ್ದ. ಆ ಬದಿಯ ವಾಡೆ ಎಂದೋ ನೆಲಸಮವಾಗಿ, ಖಾಲಿ ಜಾಗದಲ್ಲಿ ಔಡಲ ಗಿಡ ಎದ್ದಿದ್ದವು. ಮುಂದೆ ಒಂದು ಕಬ್ಬಿಣದ ಗೇಟು, ಗೇಟಿಗೆ ಹೊಸ ಬೀಗ.

"ಇಡೀ ಗ್ವಾಡಿಗೆ ತುಕ್ಕು ಹಿಡದ ತಗಡಿದ್ದವು. ಎಲ್ಲಾ ಕಿತ್ತು ಗುಜರಿಗೆ ಹಾಕೇನಿ. ಈಗ ನೋಡು, ಕ್ಲೀನ್!" ಅಂದ.

ಗೇಟಿನ ಸರಳುಗಳ ನಡುವಿಂದ ಮೇಲೆ ನೋಡಿದೆ. ಕೆಳಗೆ ಒಲೆಯ ಮಸಿ ಹಿಡಿದ ಕಪ್ಪು ಪಟ್ಟೆ. ಅದರ ಪಕ್ಕ ಬಚ್ಚಲಿನ ಪಾಚಿ ಕಲೆ. ಮೇಲೆ ತಿಳಿ ನೀಲಿ ಬಣ್ಣ ಬಳಿದ ಒಂದು ಕೋಣೆಯ ಅಳತೆ, ಅದರಲ್ಲಿ ಸಾಲಾಗಿ ಅಂಗಿ ಸಿಗಿಸುವ ಗೂಟ. ಆ ನೀಲಿಯ ನಡುವೆ ದೇವರ ಗೂಡು, ಎಣ್ಣೆ ಜಿಡ್ಡು, ಕುಂಕುಮದ ಬೊಟ್ಟು. ಗೂಡಿನ ಕೆಳಗೆ ನಿಂತು ಕೈಮುಗಿಯಲು ನೆಲವೇ ಇಲ್ಲ. ಅಂತರದಲ್ಲಿ ಒಂದು ದೇವರ ಗೂಡು.

"ಬಸ್ಯಾ, ಇದು ಹೊರಗ್ವಾಡಿ ಅಲ್ಲೋ. ಬಿದ್ದ ಮನಿಯವರ ಒಳಗ್ವಾಡಿ. ಇದು ಹುಟ್ಟಿದಾಗಿಂದ ಮಳಿ ಕಂಡಿಲ್ಲ."

"ಗಟ್ಟಿ ಐತಿ ಅಕ್ಕಾ."

ಬೀದಿಯ ಮೂಲೆಯಲ್ಲಿ ಆ ಗೋಡೆಯ ತುದಿ ಕೈಗೆ ಸಿಗುತ್ತಿತ್ತು. ಉಗುರಿನಿಂದ ಕೆರೆದೆ. ಹಳೇ ಬೆಲ್ಲದ ಹಾಗೆ ಉದುರಿತು. ಇಟ್ಟಿಗೆಗಳ ನಡುವೆ ಗಾರೆ ಇಲ್ಲ, ಬರೀ ಬಿಳಿ ಮಣ್ಣು.

"ಯಾರು ಹೇಳಿದ್ರೋ ನಿನಗ, ಎಲ್ಲಾ ಒಮ್ಮೆಲೆ ಬಿಚ್ಚಂತ?"

"ವಿಮಾನಕ್ಕ ಹಂಗ ಮಾಡೂದಕ್ಕಾ. ಮೊದಲ ತಗಡು ಬಿಚ್ಚೂದು, ಒಳಗ ಚೆಕ್ ಮಾಡೂದು, ಆಮ್ಯಾಲೆ ಹೊಸಾದು ಹಾಕೂದು."

"ವಿಮಾನ ಷೆಡ್ಡಿನ್ಯಾಗ ನಿಂತಿರತೈತಿ, ಶಾಣ್ಯಾ! ನಿನ್ನ ಮನಿ ಬಯಲಾಗ ನಿಂತೈತಿ."

ಅವನ ಮುಖ ಸಣ್ಣದಾಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ, ಸಿಟ್ಟೇ ಬಂತು. ಯಾಕೆಂದರೆ ಮೇಲೆ ಅವನ ಹೆಂಡತಿ ರೇಖಾ ಮಲಗಿದ್ದಳು. ಕಾಲು ಮುರಿದು ತೊಡೆಯವರೆಗೆ ಪ್ಲಾಸ್ಟರು. ವಾಡೆಯ ಮೆಟ್ಟಿಲು ಅಂದರೆ ಗೋಡೆಯೊಳಗೆ ಕೊರೆದ ಒಂದು ಸಂದು. ಸೊಂಟ ದಪ್ಪವಿದ್ದವರು ಅಡ್ಡ ತಿರುಗಿ ಹತ್ತಬೇಕು. ಆಸ್ಪತ್ರೆಯಿಂದ ಬಂದಾಗ ಓಣಿಯ ಗಂಡಸರು ಅವಳನ್ನು ಜಮಖಾನೆಯಲ್ಲಿ ಎತ್ತಿ ಏರಿಸುವಾಗ ಕಾಲು ಗೋಡೆಗೆ ಬಡಿದು, ಅವಳ ಚೀರಾಟ ಬೀದಿಗೆಲ್ಲ ಕೇಳಿಸಿತಂತೆ. ಆ ಮೆಟ್ಟಿಲು ಇದ್ದದ್ದೂ ಇದೇ ಪಡುವಣ ಗೋಡೆಯಲ್ಲಿ. ಅವಳು ಮಲಗಿದ್ದ ಉದ್ದ ಕೋಣೆಯ ತೊಲೆಗಳ ತುದಿ ಕೂತಿದ್ದೂ ಇದೇ ಗೋಡೆಯ ಮೇಲೆ. ಗೋಡೆ ನೆನೆದು ಕೂತರೆ ಕೋಣೆಯ ನೆಲ ಕೆಳಗೆ, ರೇಖಾ ಅದರ ಜೊತೆಗೆ.

"ಅತ್ತಿಗೀ, ಯಾವ ಬಣ್ಣ ಆರಿಸಿದ್ರಿ?" ಅಂತ ಕೇಳಿದಳು ಪಾಪ, ಹಾಸಿಗೆಯಿಂದ.

"ಬಣ್ಣ ಆಮೇಲೆ. ಮೊದಲ ನಿನ್ನ ಮಂಚ ಆಚೆ ಬದಿ ಸರಸೂಣು" ಅಂದೆ.

ಅದೇ ಓಣಿ, ಬೀಗದ ಮುಂದೆ

ಬೆಳಿಗ್ಗೆ ಸಿಮೆಂಟಿನಂಗಡಿಗೂ ಹೋಗಲಿಲ್ಲ, ಹಲಗೆಯಂಗಡಿಗೂ ಹೋಗಲಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಬೆನ್ನಿಗೆ ಅಂಟಿಸಿದ ಹಪ್ಪಳದಂತೆ ಎದ್ದು ಬರುತ್ತದೆ. ನನ್ನ ಚೀಲದ ಚೆಂದದ ಹಲಗೆಗಳಿಗೆ ಗೋಡೆಯೊಳಗೆ ಆಳವಾಗಿ ಬೋಲ್ಟು ಕೊರೆಯಬೇಕು, ಈ ಗೋಡೆ ಅದನ್ನು ತಡೆಯುವುದಿಲ್ಲ. ಕೊನೆಗೆ ಉಳಿಯುವುದು ಮೊದಲಿದ್ದದ್ದೇ: ಮರದ ರೀಪು, ಅದರ ಮೇಲೆ ತಗಡು. ಅದನ್ನು ಹೊಡೆಯಲು ಬಿದಿರಿನ ಅಟ್ಟಣಿಗೆ ಬೇಕು. ಅಟ್ಟಣಿಗೆ ನಿಲ್ಲಿಸಲು ಪಕ್ಕದ ಖಾಲಿ ಜಾಗವೇ ಬೇಕು. ಅದಕ್ಕೆ ಬೀಗ.

ಬೀಗ ಹಾಕಿಸಿದವರು ಜಾಗದ ಒಡತಿ, ಸಂಭಾಜಿನಗರದಲ್ಲಿ ಮಗನ ಮನೆಯಲ್ಲಿರುವ ಕಮಲಾ ಆಜಿ. ಬಸ್ಯಾ ರವಿವಾರ ಅವರ ಜಾಗದಲ್ಲಿ ಏಣಿ ಹಾಕಿ ತಗಡು ಕಿತ್ತದ್ದನ್ನು ಯಾರೋ ಫೋಟೋ ತೆಗೆದು ಕಳಿಸಿದ್ದರು. ಮರುದಿನವೇ ಅವರ ಸಂಬಂಧಿಕ ಬಂದು ಬೀಗ ಜಡಿದು ಹೋಗಿದ್ದ. ಇವನು ಅವರನ್ನು ಒಂದು ಮಾತು ಕೇಳಿರಲಿಲ್ಲ. ತನ್ನ ಮನೆಯ ಗೋಡೆ ತಾನೇ ಅಂತ ತಿಳಿದಿದ್ದ.

"ಬೀಗ ಒಡಿಸೂಣು. ಪೋಲೀಸರು ಬಂದ್ರ ನಾ ಮಾತಾಡ್ತೀನಿ" ಅಂದೆ. ಸುತ್ತಿಗೆಯನ್ನೂ ಕೈಗೆ ತಗೊಂಡೆ. ಎದುರಿನ ಕಟ್ಟೆಯ ಹೆಂಗಸರು ಕಾಯಿಪಲ್ಲೆ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬಸ್ಯಾ ಕರೆತಂದಿದ್ದ ಗೌಂಡಿ ಸುಮ್ಮನೆ ತನ್ನ ಸಾಮಾನು ಮತ್ತೆ ಚೀಲಕ್ಕೆ ತುಂಬಿದ. "ಆಜೀಂನಾ ವಿಚಾರಾ," ಆಜಿಯನ್ನು ಕೇಳಿ ಅಂದ. ಆಜಿಯ ಮಾತಿಲ್ಲದೆ ಆ ಜಾಗಕ್ಕೆ ಆ ಓಣಿಯ ಯಾವ ಗೌಂಡಿಯೂ ಕಾಲಿಡುವುದಿಲ್ಲವಂತೆ. ಒಬ್ಬ ಹೆಂಗಸು ಎದ್ದು ಬಂದು ಇನ್ನೂ ಒಂದು ಹೇಳಿದಳು. ಸಾಲಿನಲ್ಲಿ ಯಾರು ತಮ್ಮ ವಾಡೆ ಕೆಡವುತ್ತಾರೋ ಅವರೇ ನೆರೆಯವರ ಬೋಳು ಗೋಡೆಗೆ ತಗಡು ಹೊದಿಸಿ ಹೋಗಬೇಕು, ಇಲ್ಲಿಯ ರೂಢಿ ಅದು. ಆಜಿಯ ಗಂಡ ತಾನೇ ನಿಂತು ಆ ತಗಡು ಹೊಡೆದಿದ್ದರು. ಈಗವರಿಲ್ಲ. ಹುಬ್ಬಳ್ಳಿಯಲ್ಲಿ ಮನೆ ಕೆಡವಿದವರು ನೆರೆಯವರ ಗೋಡೆಗೆ ಹೊದಿಸುವುದಿರಲಿ, ಸಾಧ್ಯವಾದರೆ ನಾಲ್ಕು ಇಟ್ಟಿಗೆ ಎಳೆದುಕೊಂಡೇ ಹೋಗುತ್ತಾರೆ. ನಾನು ಸುತ್ತಿಗೆ ಕೆಳಗಿಟ್ಟೆ.

ಬಸ್ಯಾ ಫೋನ್ ಹಚ್ಚಿದ. ಆಜಿ, ಮನೆಯ ಮಾತು ಫೋನಿನಲ್ಲಿ ಆಡುವುದಿಲ್ಲ, ಇಲ್ಲಿಗೆ ಬಾ ಅಂದು ಇಟ್ಟುಬಿಟ್ಟರು.

ಮಾಳಿಗೆಯ ಅಂಚಿನಿಂದ ಗೋಡೆಯ ಮೇಲೆ ತಾಡಪತ್ರಿ ಇಳಿಬಿಟ್ಟು, ತುದಿಗೆ ಇಟ್ಟಿಗೆ ಕಟ್ಟಿದೆವು. ಗಾಳಿ ಬೀಸಿದಾಗ ಅದು ಹಡಗಿನ ಪಟದ ಹಾಗೆ ಉಬ್ಬಿ ಗೋಡೆಗೆ ಪಟಾರ್ ಅಂತ ಬಡಿಯುತ್ತಿತ್ತು. ಬಡಿದಾಗಲೆಲ್ಲ ಒಂದು ಹಿಡಿ ಮಣ್ಣು ಉದುರುತ್ತಿತ್ತು. ರೇಖಾಳ ಹತ್ತಿರ ಎದುರು ಕಟ್ಟೆಯ ಹೆಂಗಸನ್ನು ಕೂಡಿಸಿ ನಾವಿಬ್ಬರೂ ಬಸ್ಸು ಹಿಡಿದೆವು.

ವೈಜಾಪುರ

ಊರು ದಾಟುವವರೆಗೆ ಹೊಸ ಹೊಸ ಅಪಾರ್ಟಮೆಂಟುಗಳು. ಬೆಳ್ಳಿ ಬಣ್ಣದ ಹಾಳೆ ಹೊದ್ದು ಮಿಂಚುತ್ತಿದ್ದವು. ಬೇರೆ ದಿನವಾಗಿದ್ದರೆ ಯಾವುದರ ಮೂಲೆ ಬಿಚ್ಚಿದೆ, ಯಾವುದರ ಅಂಟು ಸೋತಿದೆ ಅಂತ ಬಸ್ಯಾನಿಗೆ ತೋರಿಸಿ ನಗುತ್ತಿದ್ದೆ. ಆ ದಿನ ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನ ಆಕಾಶ ನೋಡುವುದೇ ಆಯಿತು. ಕಪ್ಪು ಮೋಡ ನಮ್ಮ ಬೆನ್ನು ಬಿಡಲಿಲ್ಲ.

ಪಕ್ಕದ ಸೀಟಿನ ಮುದುಕಿ ಸೆರಗಿನಿಂದ ಶೇಂಗಾ ಬಿಚ್ಚಿ ನನ್ನ ಉಡಿಗೆ ಹಾಕಿದಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ತಿನ್ನು ಅಂದಳು. ನಮ್ಮಲ್ಲಿ ಮೊದಲು ಯಾವ ಊರು, ಯಾರ ಪೈಕಿ ಅಂತ ವಿಚಾರಿಸಿಯೇ ಶೇಂಗಾ ಹೊರಬರುತ್ತದೆ. ತಿಂದೆ.

ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಲೋಟ ತುಟಿಗೆ ಹಚ್ಚುವಷ್ಟರಲ್ಲಿ ರೇಖಾಳ ಫೋನು.

"ಅತ್ತಿಗೀ, ಇಲ್ಲಿ ನಾಕ ಹನಿ ಬಿತ್ತು. ಗ್ವಾಡಿ ಒಳಗ ಏನೋ ಸರ್ ಅಂತ ಜಾರಿದ ಸಪ್ಪಳಾತು."

"ನಿನ್ನ ಕಡೆ ಏನರೆ ಬಿತ್ತೇನು?"

"ಒಂದ ಬೊಗಸಿ ಮಣ್ಣು. ಮೊದಲ ನನ್ನ ಮಂಚ ಇತ್ತಲ್ಲರಿ, ಅಲ್ಲೆ."

ಬಸ್ಯಾನಿಗೆ ಹೇಳಿದರೆ ಅವನು ಅಲ್ಲಿಯೇ ಬಸ್ಸು ಬಿಟ್ಟು ಹಿಂದಕ್ಕೆ ಓಡುತ್ತಿದ್ದ, ಓಡಿ ಮಾಡುವುದೇನಿತ್ತು? "ಆರಾಮ ಅದಾಳ" ಅಂದೆ. ಅವನು ನನ್ನ ಮುಖ ನೋಡಿದ, ಚಹಾ ಚೆಲ್ಲಿದ, ಹೋಗಿ ಬಸ್ಸಿನಲ್ಲಿ ಕೂತ.

ಸಂಭಾಜಿನಗರ

ನಿಲ್ದಾಣದಲ್ಲಿ "ಕನ್ನಡ" ಅಂತ ಬೋರ್ಡು ಹಾಕಿಕೊಂಡ ಕೆಂಪು ಬಸ್ಸು ನಿಂತಿತ್ತು. ಆ ಕಡೆಯ ಒಂದು ತಾಲೂಕಿನ ಹೆಸರದು. ಅದನ್ನು ನೋಡಿದ ಪ್ರತಿ ಕನ್ನಡಿಗನೂ ಮಾಡುವ ತಮಾಷೆಯನ್ನು ಬಸ್ಯಾ ಬಾಯಿಮಾತಿಗೆ ಮಾಡಿದ. ಇಬ್ಬರಿಗೂ ನಗು ಬರಲಿಲ್ಲ.

ಈ ಊರಲ್ಲಿ ದಾರಿ ಕೇಳಿದರೆ ದರವಾಜೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಆ ದರವಾಜೆ ದಾಟು, ಈ ದರವಾಜೆಗೆ ಬೆನ್ನು ಮಾಡು. ಹಳೇ ಕೋಟೆಬಾಗಿಲುಗಳು ನಡುರಸ್ತೆಯಲ್ಲಿ ನಿಂತಿವೆ, ರಿಕ್ಷಾಗಳು ಅವುಗಳ ಬಾಯೊಳಗೆ ನುಗ್ಗಿ ಹೊರಬರುತ್ತವೆ. ಬಾಗಿಲುಗಳ ಅಕ್ಕಪಕ್ಕ ಸುಣ್ಣಗಾರೆಯ ಹಳೇ ಮನೆಗಳು. ಒಂದರ ಗಾರೆ ಬಿದ್ದ ಜಾಗಕ್ಕೆ ಸಿಮೆಂಟಿನ ತೇಪೆ ಹಾಕಿದ್ದರು, ತೇಪೆಯ ಸುತ್ತ ಗೋಡೆ ಹುಣ್ಣಾಗಿ ಸುಲಿದಿತ್ತು. ಅದನ್ನು ನೋಡಿ ನನಗೆ ನಾಸಿಕ್‌ನ ಗೋಡೆಯೇ ಕಣ್ಮುಂದೆ ಬಂತು, ರಿಕ್ಷಾದವನಿಗೆ ಜಲ್ದಿ ಹೋಗು ಅಂತ ಗದರಿದೆ.

ಆಜಿಯ ಮಗನ ಮನೆ ಹೊಸ ಬಡಾವಣೆಯ ಸಾಲುಮನೆಗಳಲ್ಲಿ. ಒಂದು ಕಾಲದಲ್ಲಿ ಎಲ್ಲಕ್ಕೂ ಒಂದೇ ಮುಖವಿದ್ದಿರಬೇಕು. ಈಗ ಒಂದಕ್ಕೆ ಟೈಲ್ಸು, ಒಂದಕ್ಕೆ ಒರಟು ಕಲ್ಲು, ಆಜಿಯ ಮಗನದಕ್ಕೆ ನನ್ನ ಚೀಲದಲ್ಲಿದ್ದಂಥದ್ದೇ ಮರದ ಬಣ್ಣದ ಹಲಗೆ. ನಲ್ಲಿ ದಿನಾ ಬರುವುದಿಲ್ಲವಾದ್ದರಿಂದ ಆ ಸೊಗಸಿನ ಮುಂದೆ ಎಲ್ಲರ ಮನೆಯಲ್ಲೂ ನೀರಿನ ನೀಲಿ ಪೀಪಾಯಿಗಳ ಸಾಲು.

ಆಜಿ ಸಣ್ಣ ಜೀವ, ದನಿ ಮಾತ್ರ ಕಂಚು. ಒಳಗೆ ಕಾಲಿಟ್ಟು ನಾನು ಬಾಯಿ ತೆರೆಯುವುದರೊಳಗೆ, "ಆಧೀ ಜೇವಾ, ಮಗ ಬೋಲಾ" ಅಂದರು. ಮೊದಲು ಊಟ, ಆಮೇಲೆ ಮಾತು. ನಮ್ಮಲ್ಲಿ ಜಗಳಕ್ಕೆ ಬಂದವರಿಗೆ ನೀರು ಕೊಡುವುದೂ ಅನುಮಾನ. ಇಲ್ಲಿ ತಟ್ಟೆ ಇಟ್ಟು, ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ ಬಡಿಸಿ, ಮುಗಿಯುವವರೆಗೆ ಎದುರಿಗೆ ಕೂತರು. ನಾನು ನುಂಗಿದ್ದೋ ಅಗಿದದ್ದೋ ಗೊತ್ತಿಲ್ಲ. ಕಿಟಕಿಯ ಆಚೆ ಬಿಸಿಲು ಹೋಗಿ ಮಬ್ಬಾಯಿತು.

ಕೈ ತೊಳೆದ ಮೇಲೆ ಆಜಿ ಕೇಳಿದ್ದು ಒಂದೇ. "ಪತ್ರೇ ಕುಠೇ ಆಹೇತ?" ತಗಡೆಲ್ಲಿ?

ಬಸ್ಯಾ ತಲೆ ತಗ್ಗಿಸಿ ಗುಜರಿಗೆ ಹಾಕಿದೆ ಅಂದ.

ಆಮೇಲೆ ಹೇಳಿದರು. ಅವರ ಮರಾಠಿ ನನಗೆ ತಿಳಿಯುವಷ್ಟು ನಿಧಾನವಾಗಿತ್ತು. "ನನ್ನ ಬಚ್ಚಲು, ನನ್ನ ಒಲೆ, ನಾನು ಬಾಣಂತನ ಮಾಡಿಸಿಕೊಂಡ ನೀಲಿ ಕೋಣೆ, ಎಲ್ಲಾ ಈಗ ಬೀದಿಯವರ ಕಣ್ಣಿಗೆ. ಫೋಟೋ ಬಂತು ನನ್ನ ಫೋನಿಗೆ. ಮೊಮ್ಮಗ ಆಜೀ, ಇದು ಏನು ಅಂತ ಕೇಳಿದ. ಏನು ಹೇಳಲಿ? ಉಟ್ಟ ಸೀರೆ ಎಳೆದ ಹಾಗಾಯಿತು. ದೇವರನ್ನು ಇಲ್ಲಿಗೆ ತಂದೆವು. ದೇವರ ಗೂಡು ತರಲು ಬರುತ್ತದೆಯೇ? ನಮ್ಮವರು ಅದರ ಮೇಲೆ ಒಂದು ಮೊಳೆಯೂ ಬೀಳದ ಹಾಗೆ ತಗಡು ಮುಚ್ಚಿದ್ದರು."

ನಾನು ಕ್ಷಮೆ ಕೇಳಿದೆ, ಕೈಮುಗಿದೆ, ರೇಖಾಳ ಕಾಲಿನ ಕಥೆ ಹೇಳಿದೆ. ಗೋಡೆ ಬಿದ್ದರೆ ಅವಳು ಉಳಿಯುವುದಿಲ್ಲ ಅಂತಲೂ ಅಂದೆ. ಆಜಿ ನನ್ನ ಚೀಲ ತೋರಿಸಿ, ಅದರಲ್ಲಿ ಏನು ಅಂದರು. ಸ್ಯಾಂಪಲ್‌ಗಳನ್ನು ಒಂದೊಂದೇ ನೆಲಕ್ಕೆ ಹರಡಿದೆ. ಸೀರೆ ಅಂಗಡಿಯಲ್ಲಿ ಕೂತವರಂತೆ ಎಲ್ಲವನ್ನೂ ಮುಟ್ಟಿ, ಬಡಿದು, ವಾಸನೆ ನೋಡಿ ಬದಿಗೆ ಸರಿಸಿದರು.

"ಪತ್ರಾ ಸಾಕು" ಅಂದರು. "ಕೀಲಿ ಕೊಡುತ್ತೇನೆ. ಮುಚ್ಚುವ ಮೊದಲು ನಾನು ನನ್ನ ಗೋಡೆಯನ್ನು ಒಮ್ಮೆ ನೋಡಬೇಕು. ಕೋನಾಡ್ಯಾಲಾ ಹಾತ ಲಾವಾಯಚಾ ನಾಹೀ." ಗೂಡಿಗೆ ಕೈ ಹಚ್ಚಕೂಡದು.

"ಹಚ್ಚೂದಿಲ್ರೀ ಆಜೀ. ನನ್ನ ಮಾತು" ಅಂದೆ. ಆ ಹೊತ್ತಿಗೆ ಅವರು ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ತಿರುಗಿ ಬರುವ ಬಸ್ಸು

ಕಾರು ಮಾಡುತ್ತೇನೆ ಅಂದರೆ ಆಜಿ ಒಪ್ಪಲಿಲ್ಲ, ಮುದುಕರಿಗೆ ಬಸ್ಸು ಪುಕ್ಕಟೆಯಂತೆ. ನನ್ನಂಥ ಹೆಂಗಸರಿಗೆ ಅರ್ಧ ಟಿಕೆಟ್ಟು. ನಮ್ಮಲ್ಲಿ ನಮಗೆ ಪೂರ್ತಿ ಪುಕ್ಕಟೆ ಅಂದಾಗ ಆಜಿಗೆ ಮೊದಲ ಸಲ ನನ್ನ ಬಗ್ಗೆ ಸ್ವಲ್ಪ ಗೌರವ ಹುಟ್ಟಿತು. ಮಡಿಲಲ್ಲಿ ಒಂದು ಬಟ್ಟೆಯ ಗಂಟು ಹಿಡಿದು, ದಾರಿಯುದ್ದಕ್ಕೂ ಒಂದೇ ಸಮನೆ ನಾಸಿಕ್‌ನ ನೆರೆಹೊರೆಯ ಕಥೆ ಹೇಳಿದರು. ನಾನು ಹೂಂಗುಟ್ಟುತ್ತ ಮುಂದಿನ ಗಾಜು ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಗಾಜಿನ ಮೇಲೆ ಮೊದಲ ಹನಿ ಬಿತ್ತು. ಆಮೇಲೆ ಎದುರಿಗೆ ಬರುತ್ತಿದ್ದ ಲಾರಿಗಳೆಲ್ಲ ತೊಯ್ದು ಬಂದವು.

ರೇಖಾಳ ಫೋನು ಹತ್ತಲಿಲ್ಲ. ಬಸ್ಯಾ ಹಚ್ಚಿದ, ನಾನು ಹಚ್ಚಿದೆ. ಬಸ್ಯಾ ಮುಂದೆ ಹೋಗಿ ಡ್ರೈವರನ ಹಿಂದೆ ನಿಂತೇ ಬಂದ. ಆಜಿ ಮಾತು ನಿಲ್ಲಿಸಿ, ಫೋನನ್ನು ಮತ್ತೆ ಮತ್ತೆ ಒತ್ತುತ್ತಿದ್ದ ನನ್ನ ಕೈ ನೋಡಿದರು. ಅವರು ತಮ್ಮ ಗಂಟನ್ನು ನನ್ನ ಕೈಗಿಟ್ಟು, ಇದನ್ನು ಹಿಡಿದುಕೋ, ನನಗೆ ಭಾರ ಅಂದರು. ಅದರಲ್ಲಿ ಒಂದು ಬಟ್ಟಲಿನಷ್ಟೂ ಭಾರವಿರಲಿಲ್ಲ.

ರಾತ್ರಿ ಓಣಿಗೆ ಬಂದಾಗ ಮಳೆ ನಿಂತಿತ್ತು. ಗಟಾರದಲ್ಲಿ ಹಾಲು ಹಾಕಿದ ಚಹಾದಂಥ ನೀರು. ತಾಡಪತ್ರಿ ನಡುವೆ ಹರಿದು ಎರಡು ತುಂಡಾಗಿ ನೇತಾಡುತ್ತಿತ್ತು. ಮೇಲಿನ ಮೂಲೆಯಲ್ಲಿ ಗೋಡೆ ಒಂದಿಷ್ಟು ಕುಸಿದು, ಮಣ್ಣು ಔಡಲ ಗಿಡಗಳ ಮೇಲೆ ಬಿದ್ದಿತ್ತು. ಬಸ್ಯಾ ಮೆಟ್ಟಿಲನ್ನು ಎರಡೆರಡೇ ಹಾರಿದ. ಕರೆಂಟು ಹೋಗಿ ಫೋನು ಸತ್ತಿತ್ತು ಅಷ್ಟೆ. ರೇಖಾ ಎಚ್ಚರವಾಗಿದ್ದಳು, ಕಣ್ಣು ಊದಿದ್ದವು. "ನನ್ನ ಇಲ್ಲಿಂದ ಇಳಸರಿ" ಅಂದಳು. ಕುರ್ಚಿಗೆ ಕಟ್ಟಿ ಇಳಿಸಲು ನೋಡಿದೆವು. ಮೆಟ್ಟಿಲಿನ ಸಂದಿನಲ್ಲಿ ಗೋಡೆ ಹೊಟ್ಟೆ ಬಂದಿತ್ತು, ಕುರ್ಚಿ ಹಿಡಿಸಲಿಲ್ಲ. ಹೊಟ್ಟೆ ಬಂದ ಗೋಡೆಗೆ ಕುರ್ಚಿ ತಗುಲಿದರೆ ಏನಾದೀತು ಅಂತ ಬಸ್ಯಾನಿಗೂ ಹೊಳೆಯಿತು, ನನಗೂ ಹೊಳೆಯಿತು. ಅವಳನ್ನು ಮತ್ತೆ ಮಂಚಕ್ಕೆ ಒಯ್ದೆವು.

ಪಕ್ಕದ ಜಾಗ

ಬೆಳಕಾಗುವುದಕ್ಕೂ ಆಜಿ ಬೀಗ ತೆಗೆಯುವುದಕ್ಕೂ ಸರಿಹೋಯಿತು. ಅದೇ ಗೌಂಡಿ ಬಂದ, ಈಗ ಕರೆಯುವ ಮೊದಲೇ, ಗಾಡಿಯಲ್ಲಿ ಬಿದಿರು, ರೀಪು, ಹೊಸ ತಗಡು ಹೇರಿಕೊಂಡು. ಬಸ್ಯಾನ ಕಾರ್ಖಾನೆಯಿಂದ ನಮ್ಮ ಕಡೆಯವರೇ ಇಬ್ಬರು, ಗದಗಿನವರೊಬ್ಬರು, ವಿಜಾಪುರದವರೊಬ್ಬರು ರಜೆ ಹಾಕಿ ಬಂದರು. ಬಿದಿರು ನಿಂತಿತು, ಹಲಗೆ ಹಾಸಿದ್ದಾಯಿತು. ವಿಮಾನದವರು ರೀಪಿಗೆ ಮೊಳೆ ಹೊಡೆಯುವಾಗಲೂ ಅಳತೆಪಟ್ಟಿ ಹಿಡಿದು ಕೂದಲೆಳೆ ಹೆಚ್ಚುಕಮ್ಮಿ ನೋಡುತ್ತಿದ್ದರು. "ಇದು ಹಾರೂದಿಲ್ರೀಪಾ, ಹೊಡೀರಿ!" ಅಂತ ಕೆಳಗಿನಿಂದ ಕೂಗಿದೆ. ಪಡುವಣ ಆಕಾಶ ಮತ್ತೆ ಕಪ್ಪಾಗುತ್ತಿತ್ತು.

ಕೆಳಗಿನಿಂದ ಮೇಲಕ್ಕೆ ತಗಡು ಏರುತ್ತ ಬಂತು. ಒಲೆಯ ಮಸಿ ಮುಚ್ಚಿತು, ಬಚ್ಚಲು ಮುಚ್ಚಿತು. ಮುಚ್ಚಿದಾಗಲೆಲ್ಲ ಆಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ನೀಲಿ ಕೋಣೆಯ ಮಟ್ಟಕ್ಕೆ ಬಂದಾಗ ಗೌಂಡಿ ನನ್ನನ್ನು ಮೇಲೆ ಕರೆದ. ದೇವರ ಗೂಡಿನ ನೆತ್ತಿಯ ಮೇಲೆಯೇ ರೇಖಾಳ ಕೋಣೆಯ ಮಾಳಿಗೆ ಹೊತ್ತ ನಡುತೊಲೆಯ ತುದಿ ಕೂತಿತ್ತು. ಗೂಡಿನ ಮೇಲಿನ ಮರದ ಪಟ್ಟಿಯನ್ನು ಗೆದ್ದಲು ಒಳಗಿಂದ ತಿಂದು ಸಿಪ್ಪೆ ಉಳಿಸಿತ್ತು. ರಾತ್ರಿಯ ಮಳೆಗೆ ಅದು ಬಿರಿದು, ತೊಲೆ ಕೆಳಗೆ ಜಗ್ಗಿತ್ತು. ಗೂಡಿನ ಬೆನ್ನು ಉದುರಿ ಕೈ ಹಿಡಿಸುವಷ್ಟು ತೂತು ಬಿದ್ದಿತ್ತು. ರೇಖಾ ಹೇಳಿದ ಬೊಗಸೆ ಮಣ್ಣು ಅದೇ. ತಗಡು ಮಳೆಯನ್ನು ತಡೆಯುತ್ತದೆ, ತೊಲೆಯನ್ನು ಹೊರುವುದಿಲ್ಲ. ಈ ಗೂಡಿಗೆ ಇಟ್ಟಿಗೆ ತುಂಬಿ ಬಿಗಿ ಮಾಡದಿದ್ದರೆ ಅವಳ ತಲೆಯ ಮೇಲಿನ ಮಾಳಿಗೆ ನಿಲ್ಲುವುದಿಲ್ಲ.

ನಾನು ಮಾತು ಕೊಟ್ಟಿದ್ದೆ. ಕೆಳಗೆ ನೋಡಿದೆ. ಆಜಿ ಕತ್ತು ಮೇಲೆತ್ತಿ ನನ್ನನ್ನೇ ನೋಡುತ್ತಿದ್ದರು.

"ಸುಮ್ನ ತುಂಬಿ ತಗಡು ಹೊಡದಬಿಡೂಣಕ್ಕಾ, ಅವರಿಗೇನ ಕಾಣತೈತಿ?" ಅಂತ ಬಸ್ಯಾ ಕಿವಿಯಲ್ಲಿ ಅಂದ. ಸುಳ್ಳು ಯಾಕೆ, ನನಗೂ ಅದೇ ಅನ್ನಿಸಿತ್ತು. ಅವನ ಬಾಯಿಂದ ಕೇಳಿದಾಗ ಮೈ ಉರಿಯಿತು.

"ಒಂದ ಸಲ ಕೇಳದ ಮಾಡಿದ್ದಕ್ಕ ಇಷ್ಟ ಆಗೇತಿ. ಇನ್ನೊಂದ ಸಲ ಮಾಡ್ತೀಯೇನು?" ಅಂದೆ.

ಕೆಳಗಿಳಿದು ಆಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರ ಮುಖ ಕಲ್ಲಾಯಿತು. "ನೀನು ಮಾತು ಕೊಟ್ಟಿದ್ದೆ" ಅಂದರು. ಹೌದು ಅಂದೆ. "ನೀವು ಬ್ಯಾಡ ಅಂದ್ರ ಕೈ ಹಚ್ಚೂದಿಲ್ಲ. ಆದ್ರ ಬ್ಯಾಡ ಅನ್ನೂದಕಿಂತ ಮೊದಲ ಒಮ್ಮೆ ಮ್ಯಾಲೆ ಬಂದು ನೋಡ್ರಿ."

ಎಂಥ ಮಾತು ಆಡಿದೆನೋ! ಆ ವಯಸ್ಸಿನವರನ್ನು ಬಿದಿರಿನ ಮೇಲೆ ಹತ್ತಿಸುವುದೇ? ಆಜಿ ಆಗಲೇ ಕಚ್ಚೆ ಬಿಗಿದಿದ್ದರು. ಮುಂದೆ ಗದಗಿನವರು, ಹಿಂದೆ ಬಸ್ಯಾ, ಪಕ್ಕದಲ್ಲಿ ಅವರ ಗಂಟು ಹಿಡಿದು ನಾನು. ಹಲಗೆ ಒಮ್ಮೆ ಜಾರಿದಾಗ ನಾನು ಅವರ ರಟ್ಟೆ ಗಟ್ಟಿಯಾಗಿ ಹಿಡಿದೆ. ಎದುರು ಕಟ್ಟೆಯ ಹೆಂಗಸರೆಲ್ಲ ಎದ್ದು ನಿಂತರು.

ಮೇಲೆ ಅಟ್ಟಣಿಗೆ ಸರಿಯಾಗಿ ಅವರ ಹಳೇ ನೆಲದ ಮಟ್ಟದಲ್ಲಿತ್ತು. ಮನೆ ಬಿದ್ದ ಮೇಲೆ ಮೊದಲ ಸಲ ಆಜಿ ತಮ್ಮ ದೇವರ ಗೂಡಿನ ಮುಂದೆ ನಿಂತಿದ್ದರು. ಕುಂಕುಮದ ಬೊಟ್ಟು ಮುಟ್ಟಿದರು. ನೀಲಿ ಬಣ್ಣದ ಮೇಲೆ ಅಂಗೈ ಸವರಿದರು. ಅಲ್ಲೊಂದು ಗೂಟ ಹಿಡಿದು, "ಇದು ಇವರ ಟೋಪಿಯದು" ಅಂದರು. ದೂರದಲ್ಲಿ ಗುಡುಗಿತು. ಗೌಂಡಿ ನನ್ನ ಕಡೆ ನೋಡಿದ, ನಾನು ತಡಿ ಅಂತ ಕಣ್ಣು ಮಾಡಿದೆ.

ಆಜಿ ಗೂಡಿನೊಳಗೆ ಬಗ್ಗಿ ತೂತಿನಲ್ಲಿ ನೋಡಿದರು. ಆಚೆ ಕತ್ತಲೆ ಕೋಣೆ, ಕೊನೆಯಲ್ಲಿ ಮಂಚ.

"ಕೋಣ ಆಹೇ ತಿಕಡೇ?" ಅಂತ ಕೂಗಿದರು. ಯಾರು ಆ ಕಡೆ?

"ಮೀ ಆಹೇ ಆಜೀ, ರೇಖಾ" ಅಂತ ಒಳಗಿಂದ ಸಣ್ಣ ದನಿ ಬಂತು. "ಹತ್ತಬೇಡಿ ಆಜೀ, ಬೀಳುತ್ತೀರಿ. ನಿಮ್ಮ ಗೂಡಿಗೆ ಏನಾದರೂ ಆಯಿತಾ? ರಾತ್ರಿಯೆಲ್ಲ ಅಲ್ಲಿಂದಲೇ ಮಣ್ಣು ಬೀಳುತ್ತಿತ್ತು."

ಅಷ್ಟರಲ್ಲಿ ತೊಲೆ ಕಿರ್ರ್ ಅಂದಿತು. ನಾವೆಲ್ಲ ಕೇಳಿದೆವು. ಒಳಗೆ ರೇಖಾ "ಅವ್ವಾ" ಅಂದಳು.

ಆಜಿ ಸೆಟೆದು ನಿಂತರು. ನನ್ನ ಕೈಯಿಂದ ತಮ್ಮ ಗಂಟು ಇಸಕೊಂಡು ಬಿಚ್ಚಿದರು. ಅದರಲ್ಲಿ ಒಂದು ಪುಟ್ಟ ಹಿತ್ತಾಳೆ ಹಣತೆ. ಹಚ್ಚಲು ತಂದಿದ್ದರೋ ಏನೋ, ಹಚ್ಚಲಿಲ್ಲ. ಗೂಡಿನ ಒಳಮೂಲೆಯಲ್ಲಿಟ್ಟರು. ಕೈಮುಗಿದು ಏನೋ ಅಂದರು. ಆಮೇಲೆ ಗೌಂಡಿಯ ಕಡೆ ಕೈ ಚಾಚಿದರು.

"ವೀಟ ದ್ಯಾ." ಇಟ್ಟಿಗೆ ಕೊಡು.

ಮೊದಲ ಇಟ್ಟಿಗೆಯನ್ನು ಅವರೇ ಇಟ್ಟರು. ನನಗೆ ಅಳು ತಡೆಯಲಾಗಲಿಲ್ಲ, ಅಷ್ಟು ಜನರ ಮುಂದೆ ಗಳಗಳ ಅತ್ತೆ. ಆಜಿ ಅಳಲಿಲ್ಲ. "ರಡೂ ನಕೋ, ಪಾಊಸ ಯೇತೋಯ" ಅಂದರು, ಅಳಬೇಡ, ಮಳೆ ಬರುತ್ತಿದೆ ಅಂತ. ಅವರನ್ನು ಕೆಳಗಿಳಿಸಿದೆವು. ಗೌಂಡಿ ಮಣ್ಣು ಕಲಸಿ ಗೂಡು ತುಂಬಿದ, ಕಲ್ಲಿನ ಚಕ್ಕೆ ಬಡಿದು ತೊಲೆಯ ಕೆಳಗೆ ಬಿಗಿ ಮಾಡಿದ. ವಿಮಾನದವರು ಈ ಸಲ ಅಳತೆಪಟ್ಟಿ ಜೇಬಿನಲ್ಲಿಟ್ಟು ಮೊಳೆ ಹೊಡೆದರು. ಮೇಲಿನ ಸಾಲಿನ ತಗಡು ಕೂತಿತ್ತೋ ಇಲ್ಲವೋ, ಮಳೆ ಸುರಿಯಿತು.

ನಾವೆಲ್ಲ ಮೇಲೆ ರೇಖಾಳ ಕೋಣೆಯಲ್ಲಿ ಒತ್ತೊತ್ತಿ ಕೂತೆವು. ತಗಡಿನ ಮೇಲೆ ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆಜಿ ಗೋಡೆಯ ಈ ಬದಿಗೆ ಬಂದು, ಗೂಡಿನ ಬೆನ್ನಿದ್ದ ಜಾಗಕ್ಕೆ ಅಂಗೈ ಇಟ್ಟು ನಿಂತುಬಿಟ್ಟರು. ಮಳೆ ಕಡಿಮೆಯಾಗುವವರೆಗೂ ಕೈ ತೆಗೆಯಲಿಲ್ಲ.

ಹುಬ್ಬಳ್ಳಿ

ಊರಿಗೆ ಬಂದು ಬಹಳ ದಿನವಾಯಿತು. ಸ್ಯಾಂಪಲ್ ಚೀಲ ಹೋದ ಹಾಗೆಯೇ ವಾಪಸು ಬಂದಿದೆ. ರೇಖಾ ಈಗ ಕೋಲು ಹಿಡಿದು ಓಡಾಡುತ್ತಾಳೆ. ಪಕ್ಕದ ಜಾಗದ ಕೀಲಿ ಅವರ ಮನೆಯ ಮೊಳೆಗೆ ನೇತಾಡುತ್ತದೆ. ಆಜಿ ಅದನ್ನು ತಿರುಗಿ ಒಯ್ಯಲಿಲ್ಲ.

ನಾಸಿಕ್‌ನಲ್ಲಿ ಮಳೆ ಅಂತ ಟಿ.ವಿ.ಯಲ್ಲಿ ಬಂದರೆ ಸಾಕು, ಸಂಭಾಜಿನಗರದಿಂದ ರೇಖಾಳಿಗೆ ಫೋನ್ ಬರುತ್ತದಂತೆ. ಮನೆಯ ಮಾತನ್ನು ಫೋನಿನಲ್ಲಿ ಆಡದ ಆಜಿ, ಹೇಗಿದ್ದೀ ಅಂತಲೂ ಕೇಳದೆ, "ಭಿಂತ ಕೋರಡೀ ಆಹೇ ಕಾ?" ಅನ್ನುತ್ತಾರೆ. ಗೋಡೆ ಒಣಗಿದೆಯಾ? ರೇಖಾ ಕೋಲು ಊರಿಕೊಂಡು ಗೋಡೆಯವರೆಗೆ ನಡೆದು, ಕೈ ಇಟ್ಟು ನೋಡಿ, ಒಣಗಿದೆ ಆಜೀ ಅನ್ನುತ್ತಾಳೆ. ಕೈ ಇಡದೆ ಹೇಳಿದರೆ ಅವರಿಗೆ ಹೇಗೋ ತಿಳಿದುಬಿಡುತ್ತದೆಯಂತೆ. ಹೋಗಿ ಮುಟ್ಟಿ ಬಾ, ನಾನು ಹಿಡಿದಿರುತ್ತೇನೆ ಅನ್ನುತ್ತಾರಂತೆ.